ಹಳದಿ ಗೆರೆಯ ಕೆಳಗೆ

ಬ್ರೇಕಿನ ಪೆಡಲು ಒಂದಿಷ್ಟೂ ತಕರಾರು ಮಾಡದೆ ನೆಲಕ್ಕೆ ಹೋಗಿ ಮುಟ್ಟಿತು. ಇನ್ಸ್‌ಪೆಕ್ಟರ್ ಕಾಲು ತೆಗೆದಳು. ಪೆಡಲು ಬರಲೋ ಬೇಡವೋ ಎಂದು ಯೋಚಿಸಿ ನಿಧಾನಕ್ಕೆ ಮೇಲೆ ಬಂತು. ಮತ್ತೆ ಒತ್ತಿದಳು. ಮತ್ತೆ ನೆಲ.

"ಎಷ್ಟು ಒತ್ತಿದ್ರೂ ಅಷ್ಟೇ ಮೇಡಂ," ಎಂದ ದಫೇದಾರ, ಶೆಡ್ಡಿಗೆ ಎಳೆದು ತಂದಿದ್ದ ಗಾಡಿಯ ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತ. "ಪೈಪಲ್ಲಿ ಎಣ್ಣೆ ಇದ್ರೆ ತಾನೇ? ನಮ್ಮ ಸ್ಟೇಷನ್ ಜೀಪಿಗೂ ಎರಡು ಸಲ ಹೀಗೇ ಆಗಿತ್ತು. ನಮ್ಮ ಪುಣ್ಯ, ಅದು ಓಡೋ ಸ್ಪೀಡಿಗೆ ಬ್ರೇಕೇ ಬೇಕಾಗಿರಲಿಲ್ಲ."

"ಆ ಜೀಪಿನ ಪೆಡಲು ನನ್ನ ಕಾಲಿಗೆ ಎಟುಕಿದ್ದೇ ಇಲ್ಲ ಬಿಡಿ."

"ಅದಕ್ಕೇ ಅಲ್ವಾ ನಿಮ್ಮ ಬೆನ್ನಿಗೆ ದಿಂಬು ಕೊಟ್ಟಿರೋದು."

ಬೇರೆ ದಿನವಾಗಿದ್ದರೆ ಆಕೆ ನಕ್ಕುಬಿಡುತ್ತಿದ್ದಳು. ಆದರೆ ಎದುರಿಗೆ ಒಡೆದ ಗಾಜಿನಾಚೆ, ಎಡಭಾಗದ ಮೂತಿ ಜಜ್ಜಿಹೋಗಿ ಹೆಡ್‌ಲೈಟು ಜೋತುಬಿದ್ದಿತ್ತು. ಐದು ದಿನದ ಹಿಂದೆ, ಬೆಳಿಗ್ಗೆ ಆರೂವರೆಗೆ, ಈ ಗಾಡಿ ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ ಹೋಗಿ ನೀರಿನ ತೊಟ್ಟಿಯ ಗೋಡೆಗೆ ಗುದ್ದಿ, ಹದಿನಾಲ್ಕು ತಿಂಗಳು ದುಡಿದು ತನಗೆ ಜೀವ ಕೊಟ್ಟ ಮೇಸ್ತ್ರಿಯ ಜೀವವನ್ನೇ ತೆಗೆದಿತ್ತು.

ಯಾರಿಗೂ ನೆನಪಿಲ್ಲದ ಒಂದು ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತಿರುಗಿದ ಸೇನೆಯ ಆಂಬುಲೆನ್ಸ್ ಅದು. ಅಷ್ಟು ಜನರನ್ನು ಉಳಿಸಿದ ಗಾಡಿಗೆ ತನ್ನ ಮೇಸ್ತ್ರಿಯನ್ನು ಉಳಿಸಿಕೊಳ್ಳಲು ಆಗಲಿಲ್ಲ.

ಇನ್ಸ್‌ಪೆಕ್ಟರ್ ತೊಡೆಯ ಮೇಲಿದ್ದ ಫೈಲು ತೆರೆದಳು. ಗಾಡಿ ಪರೀಕ್ಷೆ ಮಾಡಿದ ಅಧಿಕಾರಿಯ ವರದಿ ಮೂರೇ ಸಾಲು. ಬ್ರೇಕ್ ಪೈಪಿನ ನಟ್ಟು ಸಡಿಲ. ಬಿಗಿಯದೆಯೇ ಅದರ ಮೇಲೆ ಪೇಂಟಿನ ಗುರುತು ಹಾಕಲಾಗಿದೆ. ಸಾವಿಗೆ ಕಾರಣ: ಮೃತ ಮೆಕ್ಯಾನಿಕ್‌ನ ಅಜಾಗರೂಕತೆ.

ಅಜಾಗರೂಕತೆ ಎಂಬುದು ಬಲು ಅನುಕೂಲದ ಪದ. ಹನ್ನೆರಡು ವರ್ಷದ ನೌಕರಿಯಲ್ಲಿ ಆಕೆಯೂ ಎಷ್ಟೋ ಫೈಲುಗಳಲ್ಲಿ ಅದನ್ನು ಬರೆದು ಕೈ ತೊಳೆದುಕೊಂಡಿದ್ದಳು. ಸತ್ತವರು ತಿದ್ದುಪಡಿ ಕೇಳಿಕೊಂಡು ಸ್ಟೇಷನ್ನಿಗೆ ಬರುವುದಿಲ್ಲ.

ಈ ಸಲ ಸತ್ತವನ ಹೆಂಡತಿ ಬಂದಿದ್ದಳು. ಶವ ಮನೆಗೆ ಬರುವ ಮೊದಲೇ, ವರದಿಯ ಸುದ್ದಿ ಕೇಳಿ ಬಂದು, ಮೇಜಿನ ಎದುರು ನಿಂತು, "ಏನು ಬೇಕಾದ್ರೂ ಬರೀರಿ ಮೇಡಂ. ನಮ್ಮವರ ಹೆಸರಿನ ಪಕ್ಕ ಆ ಪದ ಮಾತ್ರ ಬೇಡ. ನಲವತ್ತು ವರ್ಷ ಅವರು ಒಂದು ನಟ್ಟನ್ನೂ ಸಡಿಲ ಬಿಟ್ಟವರಲ್ಲ," ಎಂದು ಹೇಳಿ ಹೋಗಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ಇನ್ಸ್‌ಪೆಕ್ಟರ್‌ಗೆ ಫೈಲು ಮುಚ್ಚುವುದು ಸುಲಭವಾಗುತ್ತಿತ್ತೋ ಏನೋ.

ಇವತ್ತು ಮಧ್ಯಾಹ್ನ ಮೂರಕ್ಕೆ ಫೈಲು ಸಾಹೇಬರ ಮೇಜಿನ ಮೇಲಿರಬೇಕು. ಈಗ ಹತ್ತೂಕಾಲು.

"ಮೇಡಂ, ಬಂತು ನೋಡಿ ಸವಾರಿ," ಎಂದು ದಫೇದಾರ ಪಿಸುಗುಟ್ಟಿದ.

ಗೇಟಿನೊಳಗೆ ಬಿಳಿ ಕಾರು ನಿಂತಿತು. ಇಳಿದವರು ಗಾಡಿಯ ಮಾಲೀಕರು. ಸೇನೆಯಿಂದ ನಿವೃತ್ತರಾಗಿ ಇಪ್ಪತ್ತು ವರ್ಷವಾದರೂ ಊರಿಗೆಲ್ಲ ಅವರು ಕರ್ನಲ್ಲರೇ. ಬೆನ್ನು ಇನ್ನೂ ನೆಟ್ಟಗಿತ್ತು. ಮಾತು ಅದಕ್ಕಿಂತ ನೆಟ್ಟಗೆ.

"ನನ್ನ ಗಾಡಿ ಯಾವಾಗ ಬಿಡ್ತೀರಿ?"

"ಒಬ್ಬ ಮನುಷ್ಯ ಸತ್ತಿದ್ದಾನೆ ಸಾರ್."

"ಅದಕ್ಕೆ ನನಗೂ ದುಃಖ ಇದೆ. ಆದ್ರೆ ನಾನು ಮೊದಲೇ ಹೇಳಿದ್ದೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿಕೊಡಯ್ಯಾ ಅಂದೆ. ಅವನು ಕೇಳಿದ್ನಾ? ನೆಲ ಕೊರೆದ, ನಟ್ಟು ಬದಲಾಯಿಸಿದ, ತನ್ನ ಬುದ್ಧಿಯನ್ನೆಲ್ಲ ಅದಕ್ಕೆ ತುರುಕಿದ."

"'ಹೀಗೆ ಕೆಡೋದಕ್ಕಿಂತ ಪುಡಿಯಾಗಿ ಹೋಗಲಿ' ಅಂತ ನೀವು ಜಗಳ ಆಡಿದ್ರಂತೆ."

"ಜಗಳ ಅಲ್ಲ, ಚರ್ಚೆ. ಅದೂ ತಿಂಗಳ ಹಿಂದೆ. ಅವನು ಸತ್ತ ವಾರ ನಾನು ಈ ಕಡೆ ಕಾಲೇ ಹಾಕಿಲ್ಲ." ಅವರು ಜಜ್ಜಿದ ಮೂತಿಯನ್ನು ಒಮ್ಮೆ ಸವರಿದರು. ಆ ಬೆರಳುಗಳಲ್ಲಿ ಪ್ರೀತಿ ಇತ್ತು ಎಂಬುದನ್ನು ಇನ್ಸ್‌ಪೆಕ್ಟರ್ ಒಪ್ಪಲೇಬೇಕಾಯಿತು. "ನಾಲ್ಕು ಗಂಟೆಗೆ ಕ್ರೇನು ತರ್ತೀನಿ. ಅಷ್ಟರೊಳಗೆ ನಿಮ್ಮ ಕಾಗದ ಮುಗಿಸಿ."

ಕಾರು ಹೋದ ಮೇಲೆ ಶೆಡ್ಡು ಮತ್ತೆ ಸಪ್ಪಗಾಯಿತು. ಹಿಂದಿನ ಬಾಗಿಲಾಚೆ ಮೇಸ್ತ್ರಿಯ ಮನೆ. ಅಲ್ಲಿಂದ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಒಂದಿಷ್ಟು ಹೊತ್ತು ಓಡಿ, ನಿಂತು, ಮತ್ತೆ ಓಡುತ್ತಿತ್ತು.

"ಆಯಮ್ಮ ಏನು ಹೊಲೀತಿದಾರೆ?"

"ಈ ಗಾಡಿಗೆ ಹಾಕೋ ಕ್ಯಾನ್ವಾಸು. ನಿನ್ನೆಯಿಂದ ಕೂತಿದಾರೆ," ಎಂದ ದಫೇದಾರ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಯಾಕಮ್ಮಾ ಈಗ ಅಂತ ಕೇಳ್ದೆ. ಒಪ್ಕೊಂಡ ಕೆಲಸ ಅಂದ್ರು."

ಇನ್ಸ್‌ಪೆಕ್ಟರ್ ಸೀಟಿನಿಂದ ಇಳಿದು ನೆಲದ ಹಲಗೆಯ ಮೇಲೆ ಮಂಡಿಯೂರಿದಳು. ಕರ್ನಲ್ಲರು ಬೈಯುತ್ತಿದ್ದ ಆ ಕಿಂಡಿ ಅಲ್ಲೇ ಇತ್ತು. ಮೊದಲು ಬ್ರೇಕಿನ ಸಿಲಿಂಡರು ನೋಡಬೇಕೆಂದರೆ ನೆಲವನ್ನೇ ಎಬ್ಬಿಸಬೇಕಿತ್ತಂತೆ, ಇಬ್ಬರಿಗೆ ಅರ್ಧ ದಿನದ ಕೆಲಸ. ಮೇಸ್ತ್ರಿ ಅಲ್ಲೊಂದು ಮುಚ್ಚಳ ಮಾಡಿ ಎರಡೇ ತಿರುಪು ಹಾಕಿದ್ದ. ಮೂರು ಅಳತೆಯ ನಟ್ಟುಗಳಿದ್ದ ಕಡೆ ಒಂದೇ ಅಳತೆ ತಂದು, ಎಲ್ಲಕ್ಕೂ ಆಗುವ ಒಂದೇ ಸ್ಪ್ಯಾನರನ್ನು ಸೀಟಿನ ಪಕ್ಕದ ಕೊಂಡಿಗೆ ಸಿಕ್ಕಿಸಿದ್ದ. ಗ್ರೀಸು ಹಾಕಲು ಗಾಡಿಯ ಕೆಳಗೆ ತೆವಳುವುದು ಬೇಡವೆಂದು ಎಲ್ಲ ಮೂಲೆಗಳಿಂದ ಪೈಪು ಎಳೆದು ಒಂದೇ ಹಲಗೆಗೆ ತಂದು ಕೂರಿಸಿದ್ದ. ಯಾರು ಕೂತರೂ ಸರಿಹೋಗಲಿ ಎಂದು ಸೀಟಿನ ಕೆಳಗೆ ಐದು ತೂತು ಕೊರೆದು, ಹಿಂದೆ ಮುಂದೆ ಸರಿಸಿ ಪಿನ್ನು ಹಾಕುವ ಹಾಗೆ ಮಾಡಿದ್ದ.

'ನಾಳೆ ಇದನ್ನ ಬಿಚ್ಚೋನು ನನಗೆ ಶಾಪ ಹಾಕಬಾರದು' ಎನ್ನುವುದು ಅವನ ಮಾತಂತೆ. ಅಂಥ ಮನುಷ್ಯ ಬ್ರೇಕಿನ ನಟ್ಟು ಮರೆತನೆಂದು ನಂಬುವುದು ಹೇಗೆ?

ಆಕೆ ಕಿಂಡಿಯೊಳಗೆ ಬಗ್ಗಿದಳು. ಎಲ್ಲ ನಟ್ಟುಗಳ ಮೇಲೂ ಹಳದಿ ಗೆರೆ. ಬಿಗಿದ ಮೇಲೆ ನಟ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದೇ ಎಳೆತಕ್ಕೆ ಎಳೆದ ಗೆರೆ ಅದು. ನಟ್ಟು ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿಯುತ್ತದೆ. ಸ್ಪ್ಯಾನರು ಹಿಡಿಯುವುದೇ ಬೇಡ, ಬಗ್ಗಿ ನೋಡಿದರೆ ಸಾಕು. ಇದೂ ಅವನದೇ ಪದ್ಧತಿ.

ಸಡಿಲವಾಗಿದ್ದ ಬ್ರೇಕ್ ನಟ್ಟಿನ ಮೇಲೂ ಗೆರೆ ನೆಟ್ಟಗೇ ಇತ್ತು. ಆ ನೇರ ಗೆರೆಯೇ ಸತ್ತವನ ಮೇಲೆ ಸಾಕ್ಷಿ ಹೇಳುತ್ತಿತ್ತು.

ಧೂಳು ಒರೆಸಲೆಂದು ಆಕೆ ಪಕ್ಕದ ನಟ್ಟನ್ನು ಹೆಬ್ಬೆರಳಿನಿಂದ ಉಜ್ಜಿದಳು. ಉಗುರಿಗೆ ಏನೋ ತಗುಲಿತು.

ಮತ್ತೆ ಸವರಿದಳು. ಪೇಂಟಿನ ಕೆಳಗೆ, ನಟ್ಟಿನ ಅಂಚಿಗೆ ಅರದಿಂದ ಉಜ್ಜಿ ಮಾಡಿದ ಸಣ್ಣ ಕಚ್ಚು. ಅದಕ್ಕೆ ಸರಿಯಾಗಿ ಪಕ್ಕದ ಲೋಹದಲ್ಲೂ ಒಂದು. ಎರಡೂ ಕೂಡಿ ಒಂದೇ ಗೀರಾಗಿ ಬೆರಳಿಗೆ ಸಿಗುತ್ತಿತ್ತು. ಮುಂದಿನ ನಟ್ಟಿನಲ್ಲೂ ಇತ್ತು. ಅದರ ಮುಂದಿನದರಲ್ಲೂ.

ಕೊನೆಗೆ ಬ್ರೇಕಿನ ನಟ್ಟು ಮುಟ್ಟಿದಳು. ಮೇಲೆ ಪೇಂಟು ನೇರವಾಗಿತ್ತು. ಕೆಳಗೆ ಕಚ್ಚುಗಳು ಕೂಡಿರಲಿಲ್ಲ. ಒಂದು ಇಲ್ಲಿ, ಇನ್ನೊಂದು ಕಾಲು ಸುತ್ತು ಆಚೆ.

"ದಫೇದಾರರೇ, ಟಾರ್ಚು."

ಬೆಳಕಿನಲ್ಲಿ ಇನ್ನೊಂದು ಕಂಡಿತು. ಉಳಿದ ನಟ್ಟುಗಳ ಮೂಲೆ ಹೊಸದರಂತೆ ಚೂಪಾಗಿದ್ದರೆ, ಇದರ ಮೈಮೇಲೆ ಹಲ್ಲು ಕಚ್ಚಿದ ಗುರುತು.

"ಇದು ಸ್ಪ್ಯಾನರಿನದಲ್ಲ," ಎಂದ ದಫೇದಾರ ಕತ್ತು ಚಾಚಿ. "ನಲ್ಲಿ ರಿಪೇರಿಯವರು ಹಿಡೀತಾರಲ್ಲ, ಹಲ್ಲಿನ ರೆಂಚು, ಅದರದು. ಸರಿಯಾದ ಸ್ಪ್ಯಾನರು ಸೀಟಿನ ಪಕ್ಕದಲ್ಲೇ ನೇತಾಡ್ತಿರುವಾಗ ಯಾರಾದ್ರೂ ಇದನ್ನ ತರ್ತಾರಾ?"

"ಅದು ನೇತಾಡ್ತಿದೆ ಅಂತ ಗೊತ್ತಿಲ್ಲದವರು ತರ್ತಾರೆ."

ಮೇಸ್ತ್ರಿ ಬಿಗಿದಿದ್ದ. ಬಿಗಿದು ಕಚ್ಚು ಹಾಕಿದ್ದ. ಆಮೇಲೆ ಯಾರೋ ಸಡಿಲಿಸಿದ್ದರು. ಅದಾದ ಮೇಲೆ ಆ ಸಡಿಲ ನಟ್ಟಿನ ಮೇಲೆ ಯಾರೋ ಹೊಸ ಗೆರೆ ಎಳೆದಿದ್ದರು. ಆದರೆ ಪೇಂಟಿನ ಗೆರೆ ಇರುವಾಗ ಕಚ್ಚು ಯಾಕೆ ಬೇಕಿತ್ತು?

ಆಕೆ ಎದ್ದು ಗಾಡಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಗ್ರೀಸಿನ ಹಲಗೆಯಲ್ಲಿ ಹೆಸರು ಬರೆದಿರಲಿಲ್ಲ, ಒಂದೊಂದು ಪೈಪಿನ ಪಕ್ಕ ಒಂದು, ಎರಡು, ಮೂರು ಉಬ್ಬು ಚುಕ್ಕೆ. ವೈರುಗಳಿಗೆ ಬಣ್ಣದ ಟೇಪಿರಲಿಲ್ಲ, ದಾರದ ಗಂಟುಗಳು. ಹೆಡ್‌ಲೈಟಿಗೆ ಒಂದು ಗಂಟು, ಹಾರನ್ನಿಗೆ ಎರಡು. ಎಂಜಿನ್ ಎಣ್ಣೆ ಅಳೆಯುವ ಕಡ್ಡಿಯಲ್ಲೂ ಕಚ್ಚು.

ಇನ್ಸ್‌ಪೆಕ್ಟರ್ ಕಣ್ಣು ಮುಚ್ಚಿದಳು. ಕೈ ಚಾಚಿದಳು. ಸ್ಪ್ಯಾನರು ಸಿಕ್ಕಿತು. ಕಿಂಡಿ ಸಿಕ್ಕಿತು. ಗ್ರೀಸಿನ ಮೂರನೇ ಪೈಪು ಸಿಕ್ಕಿತು.

ಸುಲಭವಾಗಿ ರಿಪೇರಿ ಮಾಡಲಿಕ್ಕೆ ಎಂದು ಎಲ್ಲರೂ ಅಂದುಕೊಂಡಿದ್ದರು. ಯಾರಿಗೆ ಸುಲಭ ಎಂದು ಯಾರೂ ಕೇಳಿರಲಿಲ್ಲ. ಕಣ್ಣು ಕಾಣದವನೊಬ್ಬ ಈ ಗಾಡಿಯನ್ನು ಸಾಯುವವರೆಗೂ ನೋಡಿಕೊಳ್ಳಬಹುದಿತ್ತು. ಅದಕ್ಕಾಗಿಯೇ ಮೇಸ್ತ್ರಿ ಅದನ್ನು ಹಾಗೆ ಕಟ್ಟಿದ್ದ.

ಹದಿನಾಲ್ಕು ತಿಂಗಳು ಆ ಮನುಷ್ಯ ಬಾಯಿಗೆ ಬೀಗ ಹಾಕಿಕೊಂಡು, ದಿನಕ್ಕಿಷ್ಟು ಕತ್ತಲಾಗುತ್ತಿದ್ದ ಕಣ್ಣಿಗೆ ಬದಲು ಬೆರಳನ್ನು ತಯಾರು ಮಾಡಿಕೊಂಡಿದ್ದ. ಶೆಡ್ಡಿನಲ್ಲಿ ಒಬ್ಬರಿಗೂ ಸುಳಿವು ಕೊಟ್ಟಿರಲಿಲ್ಲ.

ಹಾಗಾದರೆ ಈ ಗೆರೆಗಳು? ಅಂಗಡಿಯ ಬೋರ್ಡಿನ ಅಕ್ಷರದಷ್ಟು ನೇರ. ಕಣ್ಣು ಹೋದವನ ಕೈಯಲ್ಲಿ ಒಂದಾದರೂ ಓರೆಯಾಗಬೇಡವೇ?

"ಚಿಕ್ಕ ಮೇಸ್ತ್ರಿನ ಕರೀರಿ," ಎಂದಳು.

ಮೇಸ್ತ್ರಿಯ ತಮ್ಮನಿಗೆ ನಲವತ್ತೈದು ದಾಟಿತ್ತು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದರೂ ಎಲ್ಲರಿಗೂ ಅವನು ಚಿಕ್ಕ ಮೇಸ್ತ್ರಿಯೇ. ಗಾಡಿಗಳಿಗೆ ಪೇಂಟು ಹೊಡೆಯುವುದು ಅವನ ಕೆಲಸ. ಉಗುರಿನ ಸಂದಿಯಲ್ಲಿ ಸೇನೆಯ ಹಸಿರು ಇನ್ನೂ ಉಳಿದಿತ್ತು. ಬಂದವನು ಗಾಡಿಯ ಕಡೆ ಬೆನ್ನು ಮಾಡಿ ನಿಂತ.

"ಈ ಗೆರೆ ಎಳೆದಿದ್ದು ಯಾರು?"

"ಅಣ್ಣ."

"ಸುಳ್ಳು."

ಅವನು ನೆಲ ನೋಡಿದ.

"ನಿಮ್ಮ ಅಣ್ಣ ಬಿಗಿದ ನಟ್ಟನ್ನ ಯಾರೋ ಸಡಿಲ ಮಾಡಿದಾರೆ. ಆಮೇಲೆ ಅದರ ಮೇಲೆ ಹೊಸ ಗೆರೆ ಬಿದ್ದಿದೆ. ಅಷ್ಟು ನೀಟಾಗಿ ಬ್ರಷ್ ಹಿಡಿಯೋರು ಈ ಶೆಡ್ಡಲ್ಲಿ ನೀವೊಬ್ರೇ. ಅಣ್ಣನ ಮೇಲೆ ಅಷ್ಟೊಂದು ಸಿಟ್ಟಿತ್ತಾ?"

"ಸಿಟ್ಟಾ?" ಅವನ ದನಿ ಸೀಳಿತು. "ಅಪ್ಪ ಹೋದಾಗ ನನಗೆ ಏಳು ವರ್ಷ ಮೇಡಂ. ಅಣ್ಣನ ಬೆನ್ನ ಮೇಲೆ ಕೂತು ಈ ಶೆಡ್ಡಿಗೆ ಬಂದೋನು ನಾನು."

"ಹಾಗಾದ್ರೆ ಗೆರೆ?"

ಹಿಂದಿನ ಮನೆಯಲ್ಲಿ ಮೆಷಿನ್ನು ಓಡಿತು, ನಿಂತಿತು. ಅವನು ಆ ಕಡೆ ನೋಡಿ ದನಿ ತಗ್ಗಿಸಿದ.

"ಅತ್ತಿಗೆಗೆ ಹೇಳಬೇಡಿ. ಅಣ್ಣನ ಕೈ ನಡುಗ್ತಿತ್ತು. ವಯಸ್ಸಾಯ್ತಲ್ಲ. ಗೆರೆ ಎಳೆದ್ರೆ ನಟ್ಟಿನ ಮೇಲೆ ಒಂದು ಕಡೆ, ಪಕ್ಕದಲ್ಲಿ ಇನ್ನೊಂದು ಕಡೆ, ಒಂದಕ್ಕೊಂದು ಸಂಬಂಧನೇ ಇರ್ತಿರಲಿಲ್ಲ. ಮೊದಲನೇ ಸಲ ನೋಡಿದಾಗ ನಟ್ಟೇ ಸಡಿಲ ಇದೆ ಅಂತ ಗಾಬರಿಯಾಗಿ ಸ್ಪ್ಯಾನರ್ ಹಾಕ್ದೆ. ಕಲ್ಲಿನ ಹಾಗೆ ಬಿಗಿಯಾಗಿತ್ತು. ಗೆರೆ ಮಾತ್ರ ಓರೆ."

"ಅಣ್ಣನಿಗೆ ಹೇಳಿದ್ರಾ?"

"ಹೇಗೆ ಹೇಳೋದು? ನನಗೆ ಗೆರೆ ಎಳೆಯೋದು ಕಲಿಸಿದ್ದೇ ಅವನು." ಅವನು ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡ. "ದಿನಾ ಸಂಜೆ ಅವನು ಮನೆಗೆ ಹೋದ ಮೇಲೆ ಥಿನ್ನರಲ್ಲಿ ಓರೆ ಗೆರೆ ಒರೆಸಿ, ನೆಟ್ಟಗೆ ಎಳೀತಿದ್ದೆ. ಬೆಳಿಗ್ಗೆ ಕರ್ನಲ್ಲು ಬಂದು ನೋಡಿ, ಮೇಸ್ತ್ರಿಗೆ ಕೈ ಹೋಗಿದೆ ಅನ್ನಬಾರದಲ್ಲ. ಎಂಟು ತಿಂಗಳು ಮಾಡಿದೀನಿ."

"ದಿನಾ ಸ್ಪ್ಯಾನರ್ ಹಾಕಿ ನೋಡ್ತಿದ್ರಾ?"

"ಮೊದಮೊದಲು ನೋಡ್ತಿದ್ದೆ. ಒಂದು ದಿನವೂ ಸಡಿಲ ಇರಲಿಲ್ಲ. ಪೇಂಟಲ್ಲಿ ತಪ್ಪಿರಬಹುದು, ಬಿಗಿಯೋದ್ರಲ್ಲಿ ಅಣ್ಣ ತಪ್ಪಲ್ಲ ಅಂತ ಗೊತ್ತಾಯ್ತು. ಆಮೇಲೆ ನೋಡೋದು ಬಿಟ್ಟೆ. ಕೆಳಗಿದ್ದ ಕಚ್ಚುಗಳನ್ನೂ ಸ್ಪ್ಯಾನರಿನ ಗೀರು ಅಂದ್ಕೊಂಡಿದ್ದೆ. ಗೆರೆ ಓರೆ ಇತ್ತು ಅಂದ್ರೆ ಒರೆಸಿ..."

ಮಾತು ಅಲ್ಲಿಗೇ ನಿಂತಿತು. ಅವನ ಬಾಯಿ ತೆರೆದೇ ಇತ್ತು. ತಾನು ಹೇಳಿದ್ದು ತನಗೇ ಆಗ ಕೇಳಿಸಿತು ಎಂದು ಕಾಣುತ್ತದೆ. ತಿರುಗಿ ಗಾಡಿಯತ್ತ ನೋಡಿದ. ಐದು ದಿನದಲ್ಲಿ ಅದೇ ಮೊದಲು.

"ಹಿಂದಿನ ದಿನ ಸಂಜೆ," ಎಂದಳು ಇನ್ಸ್‌ಪೆಕ್ಟರ್ ಮೆಲ್ಲಗೆ, "ಬ್ರೇಕಿನ ನಟ್ಟಿನ ಗೆರೆ ಹೇಗಿತ್ತು?"

"ಮುರಿದಿತ್ತು." ಅವನ ದನಿ ಗಾಳಿಯಷ್ಟೇ ಇತ್ತು. "ಕಾಲು ಸುತ್ತು. ಅಣ್ಣಂದು ಇವತ್ತು ಜಾಸ್ತಿನೇ ಓರೆ ಆಗಿದೆ ಅಂದ್ಕೊಂಡೆ. ಅಯ್ಯೋ ಪಾಪ ಅಂದ್ಕೊಂಡೆ ಮೇಡಂ. ಪಾಪ ಅಂದ್ಕೊಂಡು ಒರೆಸಿದೆ."

ಅವನು ಕುಸಿದು ಟೈರಿಗೆ ಒರಗಿ ಕೂತ. ಅಳು ಬರಲಿಲ್ಲ, ಉಸಿರು ಮಾತ್ರ ಎಳೆದೆಳೆದು ಬಂತು. ದಫೇದಾರ ನೀರಿನ ಲೋಟ ಹಿಡಿದು ಹತ್ತಿರ ಹೋಗಿ, ಕೊಡಲೂ ಆಗದೆ ಹಿಂದೆ ಬರಲೂ ಆಗದೆ ನಿಂತುಬಿಟ್ಟ.

ಇನ್ಸ್‌ಪೆಕ್ಟರ್ ಎಷ್ಟೋ ಕೊಲೆಗಾರರನ್ನು ಎದುರು ಕೂರಿಸಿಕೊಂಡಿದ್ದಳು. ಇವನನ್ನು ಯಾವ ಕಲಮಿನಲ್ಲಿ ಹಾಕುವುದೋ ಆಕೆಗೆ ತಿಳಿಯಲಿಲ್ಲ. ಅಣ್ಣನ ಮಾನ ಉಳಿಸಲು ಹೋಗಿ, ಅವನ ಜೀವ ಉಳಿಸಬಹುದಾಗಿದ್ದ ಗುರುತನ್ನೇ ಅಳಿಸಿದ್ದ.

"ನಡುಕ ಅಲ್ಲ ಅದು," ಎಂದಳು. ಹೇಳದಿದ್ದರೆ ಇನ್ನೂ ಕ್ರೂರವಾಗುತ್ತಿತ್ತು. "ನಿಮ್ಮ ಅಣ್ಣನಿಗೆ ಕಣ್ಣು ಕಾಣ್ತಿರಲಿಲ್ಲ."

ಅವನು ತಲೆಯೆತ್ತಿ ಆಕೆಯನ್ನು ನೋಡಿದ. "ಕಣ್ಣಾ?" ಎಂದ. ಮತ್ತೆ, "ನನ್ನ ಹತ್ರ ಹೇಳಬಹುದಿತ್ತಲ್ಲ," ಎಂದ.

ಆಕೆ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. "ಕೇಳಿ. ನಟ್ಟು ಸಡಿಲ ಮಾಡಿದ್ದು ನೀವಲ್ಲ. ಆ ಸಂಜೆ ಅಣ್ಣ ಮನೆಗೆ ಹೋದ ಮೇಲೆ, ನೀವು ಬ್ರಷ್ ಹಿಡಿಯೋಕೆ ಮೊದಲು ಯಾರೋ ಗಾಡಿ ಹತ್ರ ಬಂದಿದಾರೆ. ಶೆಡ್ಡು ಖಾಲಿ ಬಿಟ್ಟಿದ್ರಾ?"

"ಥಿನ್ನರ್ ಮುಗಿದಿತ್ತು. ಅಂಗಡಿಗೆ ಹೋದೆ. ಐದೂವರೆಯಿಂದ ಆರರವರೆಗೆ." ಅವನು ಹಣೆ ಉಜ್ಜಿಕೊಂಡ. "ವಾಪಸ್ ಬರುವಾಗ ಕರ್ನಲ್ಲರ ಕಾರು ಗೇಟಿಂದ ಹೊರಗೆ ತಿರುಗ್ತಿತ್ತು."

"ಸರಿಯಾಗಿ ನೋಡಿದ್ರಾ?"

"ಆ ಕಾರಿಗೆ ಪೇಂಟ್ ಹೊಡೆದಿದ್ದೇ ನಾನು."

ಇನ್ಸ್‌ಪೆಕ್ಟರ್ ಮತ್ತು ದಫೇದಾರ ಮುಖ ಮುಖ ನೋಡಿಕೊಂಡರು. ಆ ವಾರ ಈ ಕಡೆ ಕಾಲೇ ಹಾಕಿಲ್ಲ ಎಂದು ಹೇಳಿ ಹೋಗಿ ಇನ್ನೂ ಎರಡು ಗಂಟೆಯಾಗಿರಲಿಲ್ಲ.

ಚಿಕ್ಕ ಮೇಸ್ತ್ರಿಯ ಹೇಳಿಕೆ ಬರೆದುಕೊಂಡು, ಸಹಿ ಹಾಕಿಸುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ ಆಯಿತು. ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಲು ಆಕೆ ಪೆನ್ನು ತೆಗೆದಳು. ಹಲ್ಲಿನ ಗುರುತು, ಕೂಡದ ಕಚ್ಚು, ಕರ್ನಲ್ಲರ ಸುಳ್ಳು, ಇಷ್ಟು ಸಾಕಿತ್ತು. ಆದರೆ ಕಚ್ಚು ಯಾಕೆ ಎಂದು ಸಾಹೇಬರು ಕೇಳಿಯೇ ಕೇಳುತ್ತಾರೆ. ಕಣ್ಣು ಕಾಣುತ್ತಿರಲಿಲ್ಲ ಎನ್ನಬೇಕು. ಕಣ್ಣು ಕಾಣದವನು ಗಾಡಿ ಯಾಕೆ ಓಡಿಸಿದ ಎನ್ನುತ್ತಾರೆ. ಅದು ಇನ್ನೂ ದೊಡ್ಡ ಅಜಾಗರೂಕತೆ.

ಪೆನ್ನು ಅಲ್ಲೇ ನಿಂತಿತು.

ಓಡಿಸಿದನೇ?

ಆಕೆ ಗಾಡಿಯ ಬಳಿಗೆ ಹೋದಳು. ಪೊಲೀಸ್ ಟೇಪು ಸುತ್ತಿದ ಗಾಡಿಯ ಸೀಟನ್ನು ಐದು ದಿನದಿಂದ ಯಾರೂ ಸರಿಸಿರಲಿಲ್ಲ. ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿದಳು. ಐದು ತೂತಿನಲ್ಲಿ ಪಿನ್ನು ತೀರಾ ಮುಂದಿನ ತೂತಿನಲ್ಲಿತ್ತು. ಬೆಳಿಗ್ಗೆ ಅಷ್ಟು ಹಾಯಾಗಿ ಕೂತು ಪೆಡಲು ಒತ್ತಿದ್ದು ನೆನಪಾಯಿತು. ಐದಡಿಯ ತನಗೆ ಹಾಯಾಗಿತ್ತು. ಮೇಸ್ತ್ರಿ ಆರಡಿ ಆಳು. ಈ ಸೀಟಿನಲ್ಲಿ ಅವನು ಕೂತಿದ್ದರೆ ಮೊಣಕಾಲು ಸ್ಟೇರಿಂಗಿನ ಮೇಲೆ ಬರುತ್ತಿತ್ತು.

ಸ್ಟೇರಿಂಗು ಬಲಗಡೆ. ಜಜ್ಜಿದ್ದು ಎಡಗಡೆ. ಹೆಣ ಬಿದ್ದಿದ್ದೂ ಎಡಗಡೆ. ಹಾರಿ ಬಿದ್ದಿರಬೇಕು ಎಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ತಾನೂ ಒಪ್ಪಿದ್ದಳು.

ಆಕೆ ಹಿಂದಿನ ಬಾಗಿಲು ದಾಟಿ ಮನೆಯೊಳಗೆ ಹೋದಳು.

ಮುಂದಿನ ಕೋಣೆಯ ತುಂಬ ಹಸಿರು ಕ್ಯಾನ್ವಾಸು ಹರಡಿತ್ತು. ಅದರ ನಡುವೆ ಮೇಸ್ತ್ರಿಯ ಹೆಂಡತಿ ಮೆಷಿನ್ನಿನ ಮುಂದೆ ಕೂತಿದ್ದಳು. ಸಣ್ಣ ಆಳು, ಪೆಡಲಿಗೆ ಕಾಲು ಎಟುಕಲೆಂದು ಸ್ಟೂಲಿನ ತುದಿಗೆ ಸರಿದಿದ್ದಳು. ಬಲ ಮಣಿಕಟ್ಟಿಗೆ ಬಟ್ಟೆ ಬಿಗಿದಿತ್ತು. ಮೆಷಿನ್ನಿನ ಬಲಗಡೆಯ ಚಕ್ರವನ್ನು ಎಡಗೈ ಚಾಚಿ ತಿರುಗಿಸುತ್ತಿದ್ದಳು.

"ಆ ಪದ ಹೊಡೆದುಹಾಕ್ತೀನಿ ಅಮ್ಮ," ಎಂದಳು ಇನ್ಸ್‌ಪೆಕ್ಟರ್. "ನಿಮ್ಮವರು ನಟ್ಟು ಬಿಗಿದಿದ್ರು. ಬೇರೆ ಯಾರೋ ಸಡಿಲ ಮಾಡಿದಾರೆ. ಬ್ರೇಕು ಹಿಡಿಯೋ ಸಾಧ್ಯತೆನೇ ಇರಲಿಲ್ಲ."

ಚಕ್ರ ತಟಕ್ಕನೆ ನಿಂತಿತು. "ಬ್ರೇಕೇ ಹಿಡೀತಿರಲಿಲ್ವಾ? ಯಾರು ಒತ್ತಿದ್ರೂ?"

"ಯಾರು ಒತ್ತಿದ್ರೂ."

ಆಗ ಮೇಸ್ತ್ರಿಯ ಹೆಂಡತಿ ಅತ್ತಳು. ಐದು ದಿನ ಕಟ್ಟಿಟ್ಟದ್ದೆಲ್ಲ ಕ್ಯಾನ್ವಾಸಿನ ಮೇಲೆ ಸುರಿಯಿತು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ನೆಲದ ಮೇಲೆ ಕೂತು ಕಾದಳು. ಗಡಿಯಾರ ನೋಡಲಿಲ್ಲ.

"ಬೇರೆ ಪೆಡಲು ಒತ್ತಿಬಿಟ್ಟೆ ಅಂದ್ಕೊಂಡಿದ್ದೆ," ಎಂದಳು ಮೇಸ್ತ್ರಿಯ ಹೆಂಡತಿ ಕೊನೆಗೆ. "ವರದಿಯಲ್ಲಿ ನಟ್ಟು ಸಡಿಲ ಅಂತ ಇದೆ ಅಂದ್ರು. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಅವರು ತಪ್ಪಲ್ಲ. ಹಾಗಾದ್ರೆ ತಪ್ಪಿದ್ದು ನನ್ನ ಕಾಲು ತಾನೇ?"

"ಯಾವಾಗಿಂದ ಓಡಿಸ್ತಿದ್ರಿ?"

"ನಾಲ್ಕು ತಿಂಗಳು. ಬೆಳಿಗ್ಗೆ, ಮೈದುನ ಬರೋಕೆ ಮೊದಲು. ಅವರು ಪಕ್ಕದಲ್ಲಿ ಕೂತು ಹೇಳೋರು. ಗೇರು, ಕ್ಲಚ್ಚು, ಎಲ್ಲ. ನಾನು ದಾರಿ ಹೇಳ್ತಿದ್ದೆ. ನನ್ನ ಕಣ್ಣು, ಅವರ ಕಿವಿ, ಇಬ್ಬರೂ ಸೇರಿದ್ರೆ ಒಬ್ಬ ಡ್ರೈವರ್ ಅಂತ ನಗೋರು." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಲೈಸೆನ್ಸ್ ಇಲ್ಲ ನನಗೆ. ಅವರ ಕಣ್ಣಿನ ಗುಟ್ಟು ಹೊರಗೆ ಬರುತ್ತೆ ಅಂತ ಬಾಯಿ ಬಿಡಲಿಲ್ಲ."

"ಆವತ್ತು ಏನಾಯ್ತು?"

"ಇಳಿಜಾರು ಶುರುವಾಯ್ತು. ಬ್ರೇಕ್ ಒತ್ತು ಅಂದ್ರು. ಒತ್ತಿದೆ. ನೆಲಕ್ಕೆ ಹೋಯ್ತು. ಇನ್ನೊಂದು ಸಲ ಅಂದ್ರು. ಒತ್ತಿದೆ. ಗೋಡೆ ಎಲ್ಲಿದೆ ಅಂದ್ರು. ಎದುರಿಗೆ ಅಂದೆ." ಆಕೆ ಬಟ್ಟೆ ಸುತ್ತಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ಅವರು ಕೈ ಚಾಚಿ ಸ್ಟೇರಿಂಗನ್ನ ನನ್ನ ಕಡೆ ತಳ್ಳಿದ್ರು. ಪೂರ್ತಿ. ನಾನು ಬಿಡಲಿಲ್ಲ, ನನ್ನ ಕೈ ತಿರುಚಿಹೋಯ್ತು, ಆದ್ರೂ ತಳ್ಳಿದ್ರು. ಗಾಡಿ ಬಲಕ್ಕೆ ತಿರುಗ್ತು. ಗೋಡೆ ಅವರ ಕಡೆಗೆ ಬಂತು."

ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಫೈಲು ಕಲ್ಲಿನಷ್ಟು ಭಾರವಾಯಿತು. ಸತ್ತವನ ಹೆಸರಿನ ಪಕ್ಕದಿಂದ ಆ ಪದವನ್ನು ಕಿತ್ತರೆ, ಅದು ಬಂದು ಅಂಟಿಕೊಳ್ಳುವುದು ಈ ಹೆಂಗಸಿನ ಹೆಸರಿಗೆ. ಲೈಸೆನ್ಸ್ ಇಲ್ಲದವಳು, ಗಂಡನನ್ನು ಕೂರಿಸಿಕೊಂಡು ಗಾಡಿ ಓಡಿಸಿದವಳು. ಕರ್ನಲ್ಲರ ವಕೀಲನಿಗೆ ಅಷ್ಟು ಸಿಕ್ಕರೆ ನಟ್ಟು, ಕಚ್ಚು ಯಾವುದಕ್ಕೂ ಯಾರೂ ಸೊಪ್ಪು ಹಾಕುವುದಿಲ್ಲ.

"ಬರ್ಕೊಳ್ಳಿ ಮೇಡಂ," ಎಂದಳು ಮೇಸ್ತ್ರಿಯ ಹೆಂಡತಿ, ಆಕೆಯ ಮನಸ್ಸು ಓದಿದವಳಂತೆ. "ನಾನೇ ಓಡಿಸಿದ್ದು ಅಂತ ಬರ್ಕೊಳ್ಳಿ. ಅವರ ಹೆಸರು ಉಳಿದ್ರೆ ಸಾಕು."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಅವರಿಗೆ ಕಣ್ಣು ಕಾಣಲ್ಲ ಅಂತ ತಮ್ಮನಿಗೇ ಗೊತ್ತಿರಲಿಲ್ಲ. ನೀವು ಓಡಿಸ್ತೀರಿ ಅಂತ ಬೇರೆ ಯಾರಿಗಾದ್ರೂ ಗೊತ್ತಿತ್ತಾ?"

"ಯಾರಿಗೂ ಹೇಳಿಲ್ಲ."

"ನೆನಪು ಮಾಡ್ಕೊಳ್ಳಿ."

ಆಕೆ ಯೋಚಿಸಿದಳು. ಹಸಿರು ಬಟ್ಟೆಯ ಮೇಲೆ ಓಡುತ್ತಿದ್ದ ಬೆರಳು ಒಂದು ಹೊಲಿಗೆಯ ಮೇಲೆ ನಿಂತಿತು. ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಹಿಂದಿನ ದಿನ ಸಂಜೆ ಕರ್ನಲ್ಲು ಬಂದಿದ್ರು. ಇವರು ಸ್ನಾನಕ್ಕೆ ಹೋಗಿದ್ರು. ಈ ಬಾಗಿಲಲ್ಲೇ ನಿಂತು, ಕ್ಯಾನ್ವಾಸು ಚೆನ್ನಾಗಿ ಬರ್ತಿದೆ ಅಂದ್ರು. ಆಮೇಲೆ ಶೆಡ್ಡಿನ ಕಡೆ ಹೋದ್ರು."

"ಅಷ್ಟೇನಾ?"

"ಹೋಗ್ತಾ ಒಂದು ಮಾತು ಕೇಳಿದ್ರು. ನಾನು ನಕ್ಕು ಸುಮ್ಮನಾದೆ." ಆಕೆ ತಲೆಯೆತ್ತಿ ಇನ್ಸ್‌ಪೆಕ್ಟರ್ ಕಡೆ ನೋಡಿದಳು. "'ನಾಳೆ ಬೆಳಿಗ್ಗೆಯೂ ನೀನೇ ತಾನೇ ಓಡಿಸೋದು?' ಅಂದ್ರು."